ತುಳಸಕ್ಕನ ಚಿಪ್ಪು ಕಡಲು ದಾಟಿ ಬಂದದ್ದು

ಮಕ್ಕಳೇ, ಹೊಳೆಯೊಂದು ಕಡಲನ್ನು ಸೇರುವ ಕಡೆ ಕರಿಬಂಡೆಗಳ ಸಾಲೊಂದಿದೆ. ಬಂಡೆಗಳ ನಡುವೆ ಅಲ್ಲಲ್ಲಿ ನೀರಿನ ಹೊಂಡಗಳು. ಉಬ್ಬರ ಬಂದಾಗ ಕಡಲು ಅವುಗಳನ್ನೆಲ್ಲ ಮುಚ್ಚಿ ಹರಿಯುತ್ತದೆ. ಇಳಿತವಾದಾಗ ಒಂದೊಂದು ಹೊಂಡವೂ ಒಂದೊಂದು ಪುಟ್ಟ ಕಡಲಾಗಿ ಉಳಿಯುತ್ತದೆ. ಅದರಲ್ಲಿ ಮೀನು, ಸಿಗಡಿ, ಏಡಿ, ಬಸವನಹುಳು, ಬಂಡೆಗೆ ಅಂಟಿಕೊಂಡ ಕಪ್ಪೆಚಿಪ್ಪು ಎಲ್ಲ ಒಂದೇ ಕೇರಿಯವರಂತೆ ಬಾಳುತ್ತವೆ.

ಅಂಥದೊಂದು ಹೊಂಡದಲ್ಲಿ ತುಳಸಕ್ಕ ಎಂಬ ಸನ್ಯಾಸಿ ಏಡಿ ಇದ್ದಳು. ಸನ್ಯಾಸಿ ಏಡಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಅದಕ್ಕೆ ಮುಂದೆ ಇಕ್ಕಳದಂಥ ಗಟ್ಟಿ ಕೈಗಳಿರುತ್ತವೆ, ಹಿಂದಿನ ಮೈ ಮಾತ್ರ ಬೆಣ್ಣೆಯಷ್ಟು ಮೆತ್ತಗೆ. ಹಾಗಾಗಿ ಅದು ಸತ್ತ ಬಸವನಹುಳುವಿನ ಖಾಲಿ ಚಿಪ್ಪನ್ನು ಹುಡುಕಿ, ಅದರೊಳಗೆ ಹೊಕ್ಕು, ಅದನ್ನೇ ಮನೆಯಾಗಿ ಹೊತ್ತು ತಿರುಗುತ್ತದೆ. ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಆಗ ಇನ್ನೊಂದು ಚಿಪ್ಪು ಹುಡುಕಬೇಕು.

ಆ ವರ್ಷ ತುಳಸಕ್ಕನ ಚಿಪ್ಪು ಬಿಗಿಯಾಗಿತ್ತು. ಒಳಗೆ ಮುದುರಿ ಕೂತರೆ ಉಸಿರು ಕಟ್ಟುತ್ತಿತ್ತು. ಬಂಡೆಯ ಸಂದಿಗೊಂದಿಯನ್ನೆಲ್ಲ ಅವಳು ತಡಕಿದಳು. ಸಿಕ್ಕ ಚಿಪ್ಪುಗಳಲ್ಲಿ ಕೆಲವು ತೂತು ಬಿದ್ದಿದ್ದವು, ಕೆಲವು ಇದ್ದದ್ದಕ್ಕಿಂತ ಚಿಕ್ಕವು.

ಆ ದಿನಗಳಲ್ಲೇ ರಂಗಯ್ಯ ಎಂಬ ಬೊಂಡಾಸ ಅಲ್ಲಿಗೆ ಬಂದ. ಬೊಂಡಾಸ ಎಂದರೆ ಮೈಬಣ್ಣ ಬದಲಿಸಬಲ್ಲ ಕಡಲಜೀವಿ. ಈ ರಂಗಯ್ಯನಂತೂ ಬಣ್ಣಗಳಿಂದ ತನ್ನ ಮೈಮೇಲೆ ಚಿತ್ರವನ್ನೇ ಮೂಡಿಸುತ್ತಿದ್ದ. ಅವನು ಹೊಂಡದ ನಡುವೆ ನಿಂತು ಮೈ ಅಗಲಿಸಿದಾಗ ಎಲ್ಲರೂ ಇದ್ದಲ್ಲೇ ನಿಂತರು. ಮೊದಲು ಬಿಳಿ ಮರಳಿನ ದ್ವೀಪವೊಂದು ಮೂಡಿತು. ಆಮೇಲೆ ಅಲ್ಲಿಯ ಅಂಗಡಿ. ಅಂಗಡಿಯಲ್ಲಿ ಸಾಲುಸಾಲು ಚಿಪ್ಪುಗಳು. ಕೊನೆಗೆ ಒಂದೇ ಒಂದು ಚಿಪ್ಪು ಅವನ ಮೈತುಂಬ ಅರಳಿತು. ಸೂರ್ಯ ಹುಟ್ಟುವ ಮುಂಚೆ ಮೂಡಲ ಬಾನಿಗೆ ಬರುತ್ತದಲ್ಲ, ಆ ಬಣ್ಣ ಅದಕ್ಕೆ. ಜಾಗ ಬಿಟ್ಟು ಕದಲದ ಕಪ್ಪೆಚಿಪ್ಪುಗಳು ಕೂಡ ಬಾಯಿ ತೆರೆದು ನೋಡಿದವು.

ಇದು ಕಡಲಾಚೆಯ ಮುತ್ತಿನ ದ್ವೀಪದ ಮಹಾಮಳಿಗೆ ಎಂದು ರಂಗಯ್ಯ ಹೇಳಿದ. ಹಳೆಯ ಚಿಪ್ಪನ್ನು ಮೊದಲು ಕಳಿಸಿಕೊಟ್ಟರೆ ಹೊಸ ಚಿಪ್ಪು ತಾನಾಗಿ ಮನೆಗೆ ಬರುತ್ತದೆ, ಹಿಡಿಸದಿದ್ದರೆ ಹಳೆಯದನ್ನು ಹಿಂದಕ್ಕೆ ಕೊಡುತ್ತಾರೆ, ಇದು ಅಂಗಡಿಯವರ ಮಾತು ಎಂದ.

ತುಳಸಕ್ಕನ ಪಕ್ಕದ ಸಂದಿಯಲ್ಲಿ ಹಮ್ಮಣ್ಣ ಎಂಬ ಕಲ್ಲೇಡಿ ಇದ್ದ. ಜಗಳದಲ್ಲಿ ಒಂದು ಕೈ ಕಳೆದುಕೊಂಡವನು, ಮಾತು ಕಡಿಮೆ. ಅವನು ಮುಂದೆ ಬಂದು ಕೇಳಿದ: "ರಂಗಯ್ಯ, ಆ ಅಂಗಡಿಯವನ ಮುಖ ನೀನು ನೋಡಿದ್ದೀಯಾ?"

ಅಷ್ಟು ದೊಡ್ಡವರು ಎಲ್ಲರಿಗೂ ಮುಖ ತೋರಿಸುತ್ತಾರೆಯೇ ಎಂದು ರಂಗಯ್ಯ ನಕ್ಕ. ತನಗೆ ಕಂಡದ್ದು ಬಿಲದಿಂದ ಹೊರಚಾಚಿದ ಒಂದು ಕೈ ಮಾತ್ರ. ಆ ಕೈ ತನಗೆ ಸಿಗಡಿ ಕೊಡುತ್ತದೆ, ತಾನು ಚಿತ್ರ ತೋರಿಸುತ್ತೇನೆ ಎಂದ.

ಹಮ್ಮಣ್ಣ ತುಳಸಕ್ಕನನ್ನು ಬದಿಗೆ ಕರೆದ. ಕಾಣದವನಿಗೆ ಮೈಮೇಲಿನ ಮನೆಯನ್ನೇ ಬಿಚ್ಚಿ ಕೊಡಬೇಡ ಎಂದು ಬಗೆಬಗೆಯಾಗಿ ಹೇಳಿದ. ತುಳಸಕ್ಕನ ಕಣ್ಣು ಮಾತ್ರ ಆ ಬಣ್ಣದಿಂದ ಕದಲಲಿಲ್ಲ.

"ಅಣ್ಣಾ, ನಾವು ಹುಟ್ಟಿದ್ದು ಈ ಹೊಂಡದಲ್ಲಿ, ಬೆಳೆದದ್ದು ಈ ಹೊಂಡದಲ್ಲಿ," ಎಂದಳು ಅವಳು. "ಅವರು ಕಡಲಿನ ಆಚೆಗಿರುವವರು. ನನ್ನ ಈ ಸವೆದ ಚಿಪ್ಪಿಗಾಗಿ ಅಂಥವರು ಸುಳ್ಳು ಹೇಳುತ್ತಾರೆಯೇ?"

ದೂರದಿಂದ ಬಂದದ್ದೆಲ್ಲ ದೊಡ್ಡದು ಎಂದು ನಂಬಿದ್ದೇ ಅವಳ ತಪ್ಪು.

ಆ ತೀರದ ಸಾಮಾನು ಈ ತೀರಕ್ಕೆ, ಈ ತೀರದ್ದು ಆ ತೀರಕ್ಕೆ ಸಾಗಿಸುತ್ತಿದ್ದವರು ರೀವ ಹಕ್ಕಿಗಳು. ಕವಲು ಬಾಲದ, ಬೆಳ್ಳಗಿನ, ದಣಿವೇ ತಿಳಿಯದ ಹಕ್ಕಿಗಳು. ಅವು ಕಟ್ಟು ಬಿಚ್ಚಿ ನೋಡುವುದಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸುತ್ತವೆ. ಒಂದು ಬೆಳಿಗ್ಗೆ ತುಳಸಕ್ಕ ತನ್ನ ಚಿಪ್ಪಿನಿಂದ ಹೊರಬಂದು, ಅದನ್ನು ಪಾಚಿಯಲ್ಲಿ ಸುತ್ತಿ, ಒಂದು ರೀವದ ಕೊಕ್ಕಿಗೆ ಕೊಟ್ಟಳು. ಅದು ಹಾರಿಹೋಗಿ ಬಾನಿನಂಚಿನಲ್ಲಿ ಚುಕ್ಕೆಯಾಗಿ ಮರೆಯಾಗುವವರೆಗೂ ನೋಡುತ್ತ ನಿಂತಳು. ಆಮೇಲೆ ಬರಿಮೈಯಲ್ಲಿ ಕಲ್ಲಿನ ಸಂದಿಗೆ ನುಸುಳಿ ಕೂತಳು.

ಆ ಕಾಯುವಿಕೆ ಕಷ್ಟದ್ದು. ಉಬ್ಬರದೊಂದಿಗೆ ಹಾವುಮೀನು ಬರುತ್ತಿತ್ತು, ಸಂದಿಗೆ ಮೂತಿ ಹಾಕಿ ಮೂಸುತ್ತಿತ್ತು. ಹಮ್ಮಣ್ಣ ಸಂದಿಯ ಬಾಯಿಗೆ ಅಡ್ಡಲಾಗಿ ಕೂರುತ್ತಿದ್ದ. "ನಾನು ಹೇಳಿರಲಿಲ್ಲವೇ" ಎಂದು ಒಮ್ಮೆಯೂ ಅನ್ನಲಿಲ್ಲ. ತಾನು ತಿನ್ನುವುದರಲ್ಲೇ ಒಂದಿಷ್ಟನ್ನು ಅವಳತ್ತ ತಳ್ಳುತ್ತಿದ್ದ.

ಕಡೆಗೂ ಕಟ್ಟು ಬಂತು. ಇಡೀ ಹೊಂಡವೇ ಸುತ್ತ ಸೇರಿತು. ಹೊಂಡದಂಚಿನ ಒಣ ಬಂಡೆಯ ಮೇಲೆ ಪಾಚಿ ಬಿಡಿಸಿದಾಗ ಬಿಸಿಲು ಒಳಗಿನ ಚಿಪ್ಪಿನ ಮೇಲೆ ಬಿತ್ತು. ಅದೇ ಮೂಡಲ ಬಣ್ಣ. ಸಿಗಡಿಗಳು ಮೀಸೆ ಅಲುಗಿಸುವುದನ್ನೂ ಮರೆತವು. ಹಮ್ಮಣ್ಣ ಕೂಡ ಇದ್ದೊಂದು ಕೈಯನ್ನು ಕೆಳಗಿಳಿಸಿ, ತಾನೇ ತಪ್ಪು ತಿಳಿದೆನೇನೋ ಎಂದುಕೊಂಡ. ತುಳಸಕ್ಕ ಮೆಲ್ಲಗೆ ಒಳಗೆ ಸರಿದಳು. ಜಾಗ ಸಡಿಲವಾಗಿತ್ತು. ಅವಳು ಬಹಳ ದಿನಗಳ ಮೇಲೆ ಮೈಚಾಚಿದಳು.

ಮಧ್ಯಾಹ್ನ ಉಬ್ಬರ ಬಂತು. ಮೊದಲ ಅಲೆಗೆ ಬಣ್ಣ ಕದಡಿ ನೀರು ಕೆಂಪಾಯಿತು. ಎರಡನೆಯ ಅಲೆಗೆ ಗೋಡೆ ಮೆತ್ತಗಾಯಿತು. ಅದು ಚಿಪ್ಪೇ ಆಗಿರಲಿಲ್ಲ. ಬಣ್ಣ ಬಳಿದ ಜೇಡಿಮಣ್ಣು. ಬೆನ್ನ ಹಿಂದೆ ಅದು ಬಿರಿದು ಬೀಳುವಾಗ ಹಾವುಮೀನಿನ ನೆರಳು ಹೊಂಡದ ತಳದಲ್ಲಿ ಹಾದುಬಂತು. ಹಮ್ಮಣ್ಣ ಅಡ್ಡಡ್ಡ ಓಡಿಬಂದು ಅವಳ ಮೇಲೆ ಮಲಗಿಬಿಟ್ಟ. ಹಾವುಮೀನು ಅವನ ಬೆನ್ನನ್ನು ಕಚ್ಚಿ ನೋಡಿತು, ಕಲ್ಲೆಂದು ಬಿಟ್ಟುಹೋಯಿತು.

ಮರುದಿನ ತುಳಸಕ್ಕ ರಂಗಯ್ಯನನ್ನು ಕರೆದು ತನ್ನ ಹಳೆಯ ಚಿಪ್ಪು ವಾಪಸ್ ಬೇಕೆಂದಳು. ರಂಗಯ್ಯ ದ್ವೀಪದತ್ತ ಹೋಗಿ ಉತ್ತರ ತಂದ. ಉತ್ತರ ಜೇನಿನಷ್ಟು ಸಿಹಿಯಾಗಿತ್ತು. ತಮ್ಮ ಪ್ರೀತಿಯ ತುಳಸಕ್ಕನವರಿಗೆ ಬೇಸರವಾದದ್ದಕ್ಕೆ ಅಂಗಡಿಯವರಿಗೂ ಬೇಸರವಂತೆ; ಆದರೆ ಆ ಚಿಪ್ಪನ್ನು ನೀರು ತಾಗದಂತೆ ಇಟ್ಟುಕೊಳ್ಳಬೇಕಿತ್ತಂತೆ. ಕಡಲಲ್ಲಿರುವ ಏಡಿಗೆ ನೀರು ತಾಗದ ಮನೆ ಎಲ್ಲಿಂದ ಬರಬೇಕು ಎಂದು ಅವಳು ಮತ್ತೆ ಹೇಳಿಕಳಿಸಿದಳು. ಹಾಗಾದರೆ ನಾವು ಕೊಟ್ಟ ಚಿಪ್ಪನ್ನು ಒಡೆಯದೆ, ಕೊಟ್ಟ ಹಾಗೆಯೇ ಹಿಂದಕ್ಕೆ ಕಳಿಸಿ, ಸಾಗಿಸುವ ಖರ್ಚು ನಿಮ್ಮದು ಎಂಬ ಉತ್ತರ ಬಂತು. ಮೂರನೆಯ ಸಲ, ಒಂದು ಚಂದದ ಗಾಜಿನ ಚೂರು ಕೊಡುತ್ತೇವೆ, ಯಾರಿಗೂ ಹೇಳದೆ ಸುಮ್ಮನಿರಿ, ಗಾಳಿ ತಿರುಗಿದ ಮೇಲೆ ಉಳಿದದ್ದನ್ನು ನೋಡೋಣ ಎಂದಿತ್ತು.

ತುಳಸಕ್ಕ ಸೋತುಹೋದಳು. "ಅಣ್ಣಾ, ಗಾಜಿನ ಚೂರಾದರೂ ಬರಲಿ. ಇಡೀ ಬಂಡೆಸಾಲಿನಲ್ಲಿ ಮೋಸಹೋದ ಪೆದ್ದಿ ನಾನೊಬ್ಬಳೇ. ಈ ಮಣ್ಣಿನ ಮುದ್ದೆಯನ್ನು ಮರಳಲ್ಲಿ ಹೂತುಬಿಡುತ್ತೇನೆ, ಯಾರ ಕಣ್ಣಿಗೂ ಬೀಳುವುದು ಬೇಡ."

"ಹೂಳಬೇಡ, ತುಳಸು," ಎಂದ ಹಮ್ಮಣ್ಣ. "ನಿನ್ನ ಕೈಯಲ್ಲಿ ಉಳಿದಿರುವ ಸಾಕ್ಷಿ ಅದೊಂದೇ. ಅಂಗಡಿಯವನು ಯಾರೋ ನಮಗೆ ಗೊತ್ತಿಲ್ಲ. ಹೊತ್ತುಕೊಂಡು ಹೋದವರು ಗೊತ್ತಲ್ಲ. ಅವರನ್ನು ಕೇಳೋಣ."

ರೀವಗಳು ತಂಗುತ್ತಿದ್ದದ್ದು ಮರಳುದಿಣ್ಣೆಯ ತುದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಬಟ್ಟಬಯಲಿನ ಮರಳನ್ನು ದಾಟಬೇಕು. ಮೇಲೆ ಗರುಡ ಸುತ್ತುತ್ತಿತ್ತು. ತುಳಸಕ್ಕ ಬರಿಮೈಯಲ್ಲಿ, ಮಣ್ಣಿನ ಮುದ್ದೆಯನ್ನು ತಳ್ಳಿಕೊಂಡು, ನೀರಿನಿಂದ ಹೊರಗೆ ಕಾಲಿಟ್ಟಳು. ಹಮ್ಮಣ್ಣ ಅವಳಿಗೆ ನೆರಳಾಗಿ ಪಕ್ಕದಲ್ಲೇ ನಡೆದ. ಚಿತ್ರ ತೋರಿಸಿದವನೂ ಬರಬೇಕೆಂದು ಅವರು ಕೇಳಿದ್ದರು. ರಂಗಯ್ಯ ನಾಚಿಕೆಯಿಂದ ಬೂದಿಬಣ್ಣಕ್ಕೆ ತಿರುಗಿ, ದಡದ ನೀರಿನಲ್ಲಿ ಅವರ ಜೊತೆಜೊತೆಗೇ ಈಜಿದ.

ಆಗ ಒಂದು ಸೋಜಿಗ ನಡೆಯಿತು. ಮುಂದಿನ ಹೊಂಡದ ಅಂಚಿನಲ್ಲಿ ಒಂದು ದೊಡ್ಡ ಸನ್ಯಾಸಿ ಏಡಿ ಕಾಣಿಸಿತು. ಅದರ ಮೈಮೇಲೂ ಚಿಪ್ಪಿರಲಿಲ್ಲ. ಅದು ತುಳಸಕ್ಕನ ಮುದ್ದೆಯನ್ನು ನೋಡಿತು. ಹಿಂದಕ್ಕೆ ಹೋಗಿ, ಕಲ್ಲಿನಡಿಯಿಂದ ಬಣ್ಣ ಕಳೆದ ತನ್ನದೊಂದು ಮುದ್ದೆಯನ್ನು ಹೊರಗೆಳೆದು ತಂದಿತು. ಅವಳ ಹಿಂದೆ ಸೇರಿಕೊಂಡಿತು. ಅದರಾಚೆಯ ಹೊಂಡದಿಂದ ಇನ್ನೊಂದು ಬಂತು. ಕಲ್ಲಿನ ಕೆಳಗಿಂದ, ಪಾಚಿಯ ಮರೆಯಿಂದ, ಮರಳಿನ ಗುಳಿಯಿಂದ ಹೂತಿಟ್ಟ ಮುದ್ದೆಗಳು ಒಂದೊಂದಾಗಿ ಮೇಲೆ ಬಂದವು. ತಾನೊಬ್ಬಳೇ ಎಂದುಕೊಂಡಿದ್ದ ತುಳಸಕ್ಕ ಹಿಂತಿರುಗಿ ನೋಡಿದಳು. ಮರಳಿನ ಮೇಲೆ ಉದ್ದದ ಸಾಲು ಬರುತ್ತಿತ್ತು. ಅಷ್ಟು ಜನ ಒಟ್ಟಿಗೆ ನಡೆಯುವುದನ್ನು ಕಂಡು ಗರುಡ ಕೂಡ ಕೆಳಗಿಳಿಯಲು ಅನುಮಾನಿಸಿತು.

ರೀವಗಳ ಹಿರಿಯಳು ಬೆಳ್ಳಜ್ಜಿ. ಎಷ್ಟು ಸಲ ಕಡಲು ದಾಟಿದ್ದಳೋ ಅವಳಿಗೇ ನೆನಪಿಲ್ಲ. ತುಳಸಕ್ಕ ಅವಳ ಮುಂದೆ ಮುದ್ದೆಯನ್ನಿಟ್ಟು, ಆದದ್ದನ್ನೆಲ್ಲ ಹೆಚ್ಚಿಸದೆ ಕಡಿಮೆ ಮಾಡದೆ ಹೇಳಿದಳು. ಬಂದ ಉತ್ತರಗಳನ್ನೂ ಹೇಳಿದಳು. ಬೆಳ್ಳಜ್ಜಿ ರಂಗಯ್ಯನ ಕಡೆ ನೋಡಿದಳು. ರಂಗಯ್ಯ ಆಳವಿಲ್ಲದ ನೀರಿನಲ್ಲಿ ಮೈ ಅಗಲಿಸಿ ಅದೇ ಚಿತ್ರವನ್ನು ಮತ್ತೆ ತೋರಿಸಿದ. ಒಂದು ಕಡೆ ಅವನ ಮೈಮೇಲೆ ಮೂಡಲ ಬಣ್ಣದ ಚಿಪ್ಪು, ಇನ್ನೊಂದು ಕಡೆ ಮರಳಿನ ಮೇಲೆ ಜೇಡಿಮಣ್ಣು. ಹಿಡಿಸದಿದ್ದರೆ ಹಳೆಯದು ವಾಪಸ್ ಎಂದು ಅಂಗಡಿಯವನು ಹೇಳಿಸಿದ್ದೂ ನಿಜ ಎಂದು ಒಪ್ಪಿಕೊಂಡ.

"ಗಾಳಿ ತಿರುಗಲಿ ಎಂದನೇ?" ಎಂದು ಕೇಳಿದಳು ಬೆಳ್ಳಜ್ಜಿ. "ಯಾಕೆ ಗೊತ್ತೇ? ಗಾಳಿ ತಿರುಗಿದ ಕೂಡಲೆ ನಾವು ಬಡಗಲಿಗೆ ಹೊರಟುಬಿಡುತ್ತೇವೆ. ಆಮೇಲೆ ನಿಮ್ಮ ಪರವಾಗಿ ಅವನನ್ನು ಕೇಳುವವರು ಯಾರೂ ಇರುವುದಿಲ್ಲ. ನೀವು ಸಮಯಕ್ಕೆ ಬಂದಿರಿ. ನಾವು ಹೊತ್ತದ್ದಕ್ಕೆ ನಾವು ಹೊಣೆ."

ಅವಳು ರೆಕ್ಕೆ ಬಿಚ್ಚಿದಳು. ಮರಳುದಿಣ್ಣೆಯೇ ಎದ್ದು ಹಾರಿದಂತಾಯಿತು. ಮಕ್ಕಳೇ, ಸಾವಿರಾರು ಬಿಳಿ ರೆಕ್ಕೆಗಳು ಒಮ್ಮೆಗೇ ಮೇಲೇಳುವುದನ್ನು ಕಂಡವರಿಗೆ ಅದು ಜನ್ಮವಿಡೀ ಮರೆಯುವುದಿಲ್ಲ. ಬಿಸಿಲು ಮಂಕಾಯಿತು, ರೆಕ್ಕೆಗಳ ಗಾಳಿಗೆ ನೀರು ನಡುಗಿತು. ಆ ಬೆಳ್ಳನೆಯ ಮೋಡ ಒಂದೇ ಮನಸ್ಸಿನಿಂದ ಕಡಲಿನ ಕಡೆ ತಿರುಗಿತು. ಕೆಳಗೆ ನಿಂತ ಏಡಿಗಳಿಗೆ ತಾವು ಎಷ್ಟು ಚಿಕ್ಕವರೆಂದು ತಿಳಿಯಿತು. ಆದರೂ ಆ ಮೋಡ ಎದ್ದದ್ದು ತಮ್ಮ ಮಾತಿಗೇ ಎಂಬುದೂ ತಿಳಿಯಿತು.

ಮುತ್ತಿನ ದ್ವೀಪದಲ್ಲಿ ಮುತ್ತೂ ಇರಲಿಲ್ಲ, ಮಳಿಗೆಯೂ ಇರಲಿಲ್ಲ. ಕಲ್ಲಿನ ಅಡಿಯಲ್ಲೊಂದು ಬಿಲ. ಬಿಲದೊಳಗೆ ಎಂಟು ಕೈಗಳ ಒಂದು ಅಷ್ಟಪದಿ. ರೀವಗಳನ್ನು ಕಂಡದ್ದೇ ಅದು ಕಲ್ಲಿನ ಬಣ್ಣ ತಾಳಿ, ಆ ಅಂಗಡಿ ಮುಚ್ಚಿಹೋಯಿತು, ತಾನು ಬೇರೆಯವನು ಎಂದಿತು. ಬೆಳ್ಳಜ್ಜಿ ವಾದಕ್ಕೆ ಇಳಿಯಲಿಲ್ಲ. ದೂರು ಕೊಟ್ಟವರ ಚಿಪ್ಪು ಈಗಲೇ ಸಿಗದಿದ್ದರೆ ಇಂದಿನಿಂದ ಒಂದು ರೆಕ್ಕೆಯೂ ನಿನ್ನ ಕಟ್ಟನ್ನು ಹೊರುವುದಿಲ್ಲ, ನಿನಗೆ ಬರುವ ಕಟ್ಟನ್ನೂ ತರುವುದಿಲ್ಲ ಎಂದಷ್ಟೇ ಹೇಳಿದಳು. ಹೊರುವವರೇ ಇಲ್ಲದ ಮೇಲೆ ಕಡಲಾಚೆಯ ಅಂಗಡಿ ಎಲ್ಲಿಯದು? ಎಂಟು ಕೈಗಳೂ ಒಟ್ಟಿಗೆ ಬಿಲದ ಹಿಂದಕ್ಕೆ ಚಾಚಿದವು.

ಇತ್ತ ಬಂಡೆಸಾಲಿನವರು ಬಾನಿನಂಚನ್ನು ನೋಡುತ್ತಲೇ ಇದ್ದರು. ಮೊದಲು ಬಿಳಿ ಗೆರೆಯೊಂದು ಕಂಡಿತು. ಗೆರೆ ಮೋಡವಾಯಿತು, ಮೋಡ ಹಕ್ಕಿಗಳಾಯಿತು. ಮುಂದೆ ಹಾರಿಬಂದವುಗಳ ಕೊಕ್ಕಿನಲ್ಲೆಲ್ಲ ಒಂದೊಂದು ಚಿಪ್ಪು ಬಿಸಿಲಿಗೆ ಮಿನುಗುತ್ತಿತ್ತು. ಅವು ಸದ್ದಿಲ್ಲದೆ ಇಳಿದು, ಹೂವಿಟ್ಟ ಹಾಗೆ ಚಿಪ್ಪುಗಳನ್ನು ಮರಳಿನ ಮೇಲಿಟ್ಟವು. ಯಾರೂ ನುಗ್ಗಲಿಲ್ಲ, ಕೂಗಲಿಲ್ಲ. ತಮ್ಮದನ್ನು ಗುರುತಿಸಿದವರು ಮುಂದೆ ಬಂದು ಅದನ್ನು ಮುಟ್ಟಿ ನೋಡಿದರು.

ತುಳಸಕ್ಕ ತನ್ನ ಚಿಪ್ಪಿನೊಳಗೆ ಹೊಕ್ಕಳು. ಮೊದಲಿನಷ್ಟೇ ಬಿಗಿ. ಅವಳು ಆ ಬಿಗಿಯಲ್ಲೇ ಬಹಳ ಹೊತ್ತು ಅಲುಗಾಡದೆ ಕೂತಳು.

ಬೆಳ್ಳಜ್ಜಿಯ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಏಕೆಂದು ಹಮ್ಮಣ್ಣ ಕೇಳಿದ.

"ಆ ಬಿಲದ ಹಿಂದೆ ಚಿಪ್ಪಿನ ಬೆಟ್ಟವೇ ಇದೆ," ಎಂದಳು ಅವಳು. "ನಾನು ಅದರ ತುದಿಯಲ್ಲಿ ಕೂತು ಬಂದೆ. ನಾವು ತಂದದ್ದು ಅದರ ಒಂದು ಅಂಚು. ಉಳಿದವು ಯಾರವೆಂದು ಹೇಳುವವರಿಲ್ಲ. ಅವರೆಲ್ಲ ನಾಚಿಕೊಂಡು ಸುಮ್ಮನಾದವರು."

ಎಲ್ಲರೂ ಕಡಲಿನ ಕಡೆ ನೋಡಿದರು. ಯಾವ ಯಾವ ತೀರದಲ್ಲಿ, ಎಂಥೆಂಥ ಸಂದಿಯಲ್ಲಿ ಎಷ್ಟು ಜೀವಗಳು ಬರಿಮೈಯಲ್ಲಿ ಮುದುರಿ ಕೂತಿವೆಯೋ ಎಂದು ನೆನೆದರು. ರಂಗಯ್ಯನೇ ಮೊದಲು ಕದಲಿದ. ಆ ತೀರಗಳಿಗೆಲ್ಲ ಚಿತ್ರ ತೋರಿಸುತ್ತ ಹೋದವನು ತಾನೇ; ಈಗ ಜೇಡಿಮಣ್ಣಿನ ಚಿತ್ರ ತೋರಿಸುತ್ತ ಮತ್ತೆ ಹೋಗುತ್ತೇನೆ, ಗಾಳಿ ತಿರುಗುವ ಮುಂಚೆ ಮುಟ್ಟಿದಷ್ಟು ಜನಕ್ಕೆ ಹೇಳುತ್ತೇನೆ ಎಂದು ಹೇಳಿ ಅಲೆಗಳ ಕೆಳಗೆ ಇಳಿದುಹೋದ.

ಆಗ ಸಾಲಿನಲ್ಲಿ ಮೊದಲು ಸೇರಿಕೊಂಡಿದ್ದ ದೊಡ್ಡ ಏಡಿ ತನ್ನ ಚಿಪ್ಪನ್ನು ತುಳಸಕ್ಕನತ್ತ ಉರುಳಿಸಿತು. ಕಾಯುತ್ತ ಕಾಯುತ್ತ ತಾನು ಬೆಳೆದುಬಿಟ್ಟಿದ್ದೇನೆ, ಇದು ತನಗೆ ಹಿಡಿಯುವುದಿಲ್ಲ, ಸಾಲಿನಲ್ಲಿ ತನ್ನ ಹಿಂದಿರುವ ಮುದಿ ಏಡಿ ಅಜ್ಜನ ಚಿಪ್ಪು ತನಗೆ ಸರಿಹೋಗುತ್ತದೆ ಎಂದಿತು. ಅಜ್ಜ ತನ್ನದನ್ನು ಅದಕ್ಕೆ ಕೊಟ್ಟು, ಅಲೆ ತಂದು ಹಾಕಿದ್ದ ಒಂದು ಒರಟು ಶಂಖದೊಳಗೆ ಹೊಕ್ಕ. ತುಳಸಕ್ಕ ದೊಡ್ಡ ಏಡಿಯ ಚಿಪ್ಪಿಗೆ ಹೋದಳು. ತನ್ನ ಬಿಗಿ ಚಿಪ್ಪನ್ನು ಅವಳು ಹಿಂದಿದ್ದ ಚಿಕ್ಕವಳಿಗೆ ಬಿಟ್ಟಳು. ಆ ಚಿಕ್ಕವಳು ತನ್ನದನ್ನು ಇನ್ನೂ ಚಿಕ್ಕವಳಿಗೆ. ದೊಡ್ಡವರಿಂದ ಚಿಕ್ಕವರವರೆಗೆ ಸಾಲಿಗೆ ಸಾಲೇ ಒಮ್ಮೆ ಮನೆ ಬಿಟ್ಟು, ಮರುಕ್ಷಣ ಮನೆ ಹೊಕ್ಕಿತು. ಆಮೇಲೆ ನೋಡಿದರೆ ಮರಳಿನ ಮೇಲೆ ಚಿಪ್ಪಿಲ್ಲದವರು ಯಾರೂ ಉಳಿದಿರಲಿಲ್ಲ.

ಬೆಳ್ಳಜ್ಜಿ ಅದನ್ನು ನೋಡುತ್ತ ಒಂಟಿಕಾಲಲ್ಲಿ ನಿಂತಿದ್ದಳು. ಇಷ್ಟು ಕಡಲು ಸುತ್ತಿದರೂ ಇಂಥದನ್ನು ತಾನು ಕಂಡಿರಲಿಲ್ಲ ಎಂದಳು.

ನೀತಿ: ದೂರದ್ದೆಂಬ ಬೆರಗಿಗೆ ಕೈಯಲ್ಲಿದ್ದದ್ದನ್ನು ಕೊಡಬೇಡ, ಕೊಟ್ಟು ಮೋಸಹೋದರೆ ನಾಚಿ ಮುಚ್ಚಿಡಬೇಡ, ಸಾಕ್ಷಿ ಹಿಡಿದು ಸಮಯಕ್ಕೆ ಕೇಳು.