ಗೀಜಗನಿಗೆ ಗಂಟು ಬಂದಾಗ

ನಮ್ಮೂರ ಗೀಜಗ ಕಟ್ಟುವಂಥ ಗೂಡು ಇಡೀ ಹೋಬಳಿಯಲ್ಲಿ ಇಲ್ಲ, ಬೇಕಾದರೆ ಬಂದು ನೋಡಿ. ಬಾವಿಯ ಮೇಲೆ ಬಾಗಿದ ಜಾಲಿ ಮರದಲ್ಲಿ ಎಳೆಯ ಗೀಜಗಗಳು ಹುಲ್ಲಿನ ಎಳೆಗೆ ಗಂಟು ಹಾಕಿ, ಅದು ಬಿಚ್ಚಿಕೊಂಡರೆ ಮತ್ತೆ ಹಾಕುತ್ತಿದ್ದವು. ಒಂದು ಗಂಡು ಮಾತ್ರ ಎದೆಯುಬ್ಬಿಸಿ ಕೂತು ನಗುತ್ತಿತ್ತು.

"ಗೂಡು ನಮ್ಮ ರಕ್ತದಲ್ಲೇ ಇದೆ ಕಣ್ರೋ! ಮೀನು ಎಲ್ಲಾದರೂ ಈಜು ಕಲೀತದಾ?"

ಮುಂಗಾರು ಬಂತು. ರಕ್ತ ಸುಳ್ಳಾಡಲಿಲ್ಲ. ಯಾವ ಕೊಂಬೆ, ಯಾವ ಹುಲ್ಲು ಎಂಬುದೆಲ್ಲ ಅದಕ್ಕೆ ತಾನಾಗಿಯೇ ಹೊಳೆಯಿತು. ಕೊಕ್ಕಿಗೆ ಮಾತ್ರ ಗಂಟು ಬರಲಿಲ್ಲ. ಹೆಣ್ಣು ಗೀಜಗ ಬಂದು, ಕುಲದ ಪದ್ಧತಿಯಂತೆ, ಅರ್ಧ ಕಟ್ಟಿದ ಗೂಡನ್ನು ಎಳೆದು ನೋಡಿತು. ಗೂಡು ಕಳಚಿ ಬಾವಿಗೆ ಬಿತ್ತು.

"ಇನ್ನೊಂದು ಕಟ್ತೀನಿ, ಸ್ವಲ್ಪ ನಿಲ್ಲೇ ಮಾರಾಯ್ತಿ!"

"ನಾನು ನಿಂತೇನು. ಹೊಟ್ಟೆಯೊಳಗಿನ ಮೊಟ್ಟೆ ನಿಲ್ಲಲ್ಲಪ್ಪ" ಎಂದು ಅದು ಪಕ್ಕದ ಗೂಡಿಗೆ ಹೋಯಿತು.

ಗಂಡು ಅಂದಿನಿಂದ ಹಗಲೆಲ್ಲ ಗಂಟು ಹಾಕಿತು. ಕಟ್ಟಿದ್ದೆಲ್ಲ ನೀರಿಗೆ ಬಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕೊಕ್ಕಿಗೆ ಗಂಟು ಬಂತು. ಎಂಥ ಗೂಡು ಅಂತೀರಿ! ಅಷ್ಟರಲ್ಲಿ ಉಳಿದ ಗೂಡುಗಳ ಮರಿಗಳೆಲ್ಲ ರೆಕ್ಕೆ ಬಲಿತು, ತಾಯಂದಿರ ಹಿಂದೆ ಹಾರಿಹೋಗಿದ್ದವು. ಎಳೆದು ನೋಡುವುದಕ್ಕೆ ಮರದಲ್ಲಿ ಒಬ್ಬರೂ ಇರಲಿಲ್ಲ. ಗಂಡು ತಾನೇ ಎಳೆದು ನೋಡಿತು. ಗೂಡು ಬೀಳಲಿಲ್ಲ.