ತೂಬಿನ ಹಲಗೆಗೆ ರಾಜಮುದ್ರೆ

ಮಹಾಪುರವೆಂಬ ದೊಡ್ಡ ರಾಜ್ಯದ ಅಂಚಿನಲ್ಲಿ, ನದಿ ಸಮುದ್ರವನ್ನು ಸೇರುವಲ್ಲಿ, ಅಳಿವೆನಾಡು ಎಂಬ ಪುಟ್ಟ ನಾಡಿತ್ತು. ಅಲ್ಲಿನವರ ಮಾತು ಬೇರೆ, ಬೇಸಾಯವೂ ಬೇರೆ. ಉಬ್ಬರದಲ್ಲಿ ಕಟ್ಟೆಯ ತೂಬಿಗೆ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಇಳಿತದಲ್ಲಿ ಹಲಗೆ ಎತ್ತಿ ಮಳೆನೀರನ್ನು ಹೊರಬಿಡಬೇಕು. ಆಗ ಮಾತ್ರ ಭತ್ತ. ಈ ಕೆಲಸ ತಲೆಮಾರುಗಳಿಂದ ಬೊಮ್ಮಕ್ಕ ಎಂಬ ರೈತ ಹೆಂಗಸಿನ ಮನೆತನದ್ದು.

ಹಿಂದೆ ಕಡಲ್ಗಳ್ಳರ ಕಾಟ ತಾಳದೆ ಅಜ್ಜಂದಿರು ಮಹಾಪುರದ ಆಶ್ರಯ ಕೇಳಿದ್ದರು. ಕಳ್ಳರು ಹೋದರು, ಆಶ್ರಯ ಉಳಿಯಿತು. ಬೊಮ್ಮಕ್ಕನ ಕಾಲಕ್ಕೆ ಅದರ ಹೆಸರಿನಲ್ಲೇ ಒಂದು ಹೊಸ ಕಾನೂನೂ ಬಂತು: ರಾಜಧಾನಿಯ ಮುದ್ರೆಯಿಲ್ಲದೆ ಯಾರೂ ತೂಬನ್ನು ಮುಟ್ಟಬಾರದು. ಒಳನಾಡಿನ ಕೆರೆಗಳಿಗೆ ಅದು ಒಳ್ಳೆಯ ಕಾನೂನೇ. ಆದರೆ ರಾಜಧಾನಿ ಮೂರು ದಿನದ ದಾರಿ. ಆಜ್ಞೆ ಬರುವ ಹೊತ್ತಿಗೆ ಉಬ್ಬರ ಬಂದು ಹೋಗಿರುತ್ತಿತ್ತು. ಮೂರು ವರ್ಷ ಬೊಮ್ಮಕ್ಕ ಕಟ್ಟೆಯ ಮೇಲೆ ನಿಂತು ಉಪ್ಪುನೀರಿಗೆ ಪೈರು ಕೆಂಪಾಗಿ ಸಾಯುವುದನ್ನು ನೋಡಿದಳು. ರಾಜ ಕೆಟ್ಟವನಲ್ಲ, ಮೂರು ವರ್ಷವೂ ಅಕ್ಕಿ ಕಳುಹಿಸಿದ.

ನಾಲ್ಕನೆಯ ವರ್ಷ ನಾಡಿನವರು ತಮ್ಮನ್ನು ಮಹಾಪುರದ ಆಳ್ವಿಕೆಯಿಂದ ಬಿಡುಗಡೆ ಮಾಡಬೇಕೆಂದು ರಾಜನಿಗೆ ಓಲೆ ಬರೆದರು. ರಾಜನಿಗೆ ನೋವಾಯಿತು. ಮಂತ್ರಿಯೊಡನೆ ತಾನೇ ಬಂದು, ತನ್ನಿಂದ ಏನು ಕಡಿಮೆಯಾಯಿತೆಂದು ಕೇಳಿದ. ಬೊಮ್ಮಕ್ಕ ಇಬ್ಬರನ್ನೂ ಕಟ್ಟೆಗೆ ಕರೆದೊಯ್ದಳು. ಉಬ್ಬರ ಏರುತ್ತಿತ್ತು. ಅವಳು ಹಲಗೆಯ ಹಗ್ಗ ಹಿಡಿದಳು, ಆದರೆ ಇಳಿಸಲಿಲ್ಲ. ನೀರು ರಾಜನ ಪಾದರಕ್ಷೆಯನ್ನು ಮುಟ್ಟಿತು.

"ಇಳಿಸಮ್ಮ, ನಾನೇ ಹೇಳುತ್ತಿದ್ದೇನೆ," ಎಂದ ರಾಜ.

ಅವಳು ತಕ್ಷಣ ಇಳಿಸಿದಳು. "ಈ ಸಲಕ್ಕಾಯಿತು, ಒಡೆಯಾ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ತಾವು ಎಷ್ಟು ದಿನ ಇರುತ್ತೀರಿ?"

ಹಾಗಾದರೆ ಇಲ್ಲಿಗೆ ಇನ್ನೊಬ್ಬ ಅಧಿಕಾರಿಯನ್ನು ನೇಮಿಸೋಣವೆಂದು ಮಂತ್ರಿ ಸೂಚಿಸಿದ.

"ಮೂವರು ಬಂದು ಹೋದರು, ಸ್ವಾಮಿ. ಉಬ್ಬರ ಯಾವಾಗವೆಂದು ನನ್ನನ್ನೇ ಕೇಳಿ, ಅದನ್ನೇ ತಮಗೆ ಬರೆದು ಮುದ್ರೆಗಾಗಿ ಕಾಯುತ್ತಿದ್ದರು."

ರಾಜ ನಗಲಿಲ್ಲ. "ನೀವೇ ತಪ್ಪಿದರೆ?"

"ತಪ್ಪುತ್ತೇವೆ. ಆ ಉಪ್ಪು ನಮ್ಮ ಗದ್ದೆಯಲ್ಲೇ ಇರುತ್ತದೆ. ಮರೆಯಲು ಬಿಡುವುದಿಲ್ಲ."

ರಾಜ ಅಂದೇ ಬಿಡುಗಡೆಯ ಓಲೆಗೆ ಮುದ್ರೆ ಒತ್ತಿಸಿದ.

ಮರುವರ್ಷ ಬೊಮ್ಮಕ್ಕ ನಿಜಕ್ಕೂ ತಪ್ಪಿದಳು. ಮೋಡ ನೋಡಿ ಮೋಸಹೋಗಿ, ಮಳೆನೀರು ಹೊರಹೋಗಲೆಂದು ತೂಬು ತೆರೆದಿಟ್ಟು, ತಡವಾಗಿ ಹಲಗೆ ಇಳಿಸಿದಳು. ಕೆಳಗಿನ ಗದ್ದೆಗಳು ಹಾಳಾದವು. ಅವಳ ಗದ್ದೆಯೂ ಅವುಗಳಲ್ಲೇ ಇತ್ತು. ಅಕ್ಕಿಯ ಗಾಡಿ ಬರಲಿಲ್ಲ. ಊರಿನವರು ಅವಳನ್ನು ಚೆನ್ನಾಗಿ ಬೈದರು, ಇದ್ದ ಭತ್ತವನ್ನು ಹಂಚಿಕೊಂಡರು, ತೂಬಿನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಕಲ್ಲೊಂದನ್ನು ನೆಟ್ಟರು. ಮುಂದೆ ಆ ತಪ್ಪು ಮರುಕಳಿಸಲಿಲ್ಲ.

ನೀತಿ: ಒಂದು ನಾಡು ಎಷ್ಟೇ ಚಿಕ್ಕದಾಗಿದ್ದರೂ ಅದರ ಏಳುಬೀಳನ್ನು ಅನುಭವಿಸುವವರೇ ಅದನ್ನು ಆಳಬೇಕು. ದೂರದ ದೊರೆಯ ದಯೆ ಹೊಟ್ಟೆ ತುಂಬಿಸಬಹುದು. ಹೊತ್ತಿಗೆ ಸರಿಯಾಗಿ ತೂಬು ಮುಚ್ಚಲಾರದು.