ಬುಟ್ಟಿ ಹೊತ್ತ ಗೊಂಬೆ

ಕೂತ್ಕೊಳ್ರಪ್ಪ, ಕೂತ್ಕೊಳ್ಳಿ. ನಗೋ ಕತೆ ಬೇಕು ಅಂತ ಹಟ ಮಾಡಬೇಡಿ. ಇವತ್ತು ಅದು ನನ್ನ ಬಾಯಲ್ಲಿ ಬರಲ್ಲ.

ಏಳು ಕೆರೆ ದಾಟಿದರೆ ಒಂದು ರಾಜ್ಯ, ಅದಕ್ಕೊಬ್ಬ ರಾಜ. ಅವನ ಊರಿನ ಬೆನ್ನಿಗೇ ಬೆಟ್ಟ, ಬೆಟ್ಟದ ತುಂಬ ಗಂಧದ ಮರ. ರಾಜನ ಕಣ್ಣು ಆ ಗಂಧದ ಮೇಲೆ. ಆದರೆ ಬೆಟ್ಟದಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಜೇನು ಕೀಳೋ ಜನ ಇದ್ದರು, ಮರಕ್ಕೆ ಕೊಡಲಿ ಹಾಕೋಕೆ ಅವರು ಬಿಡ್ತಿರಲಿಲ್ಲ. ಅವರನ್ನ ಓಡಿಸಿ ಅಂದರೆ ಊರವರು ಕೇಳ್ತಾರಾ? ಊರಲ್ಲಿ ಯಾವ ಕೂಸು ಹುಟ್ಟಿದರೂ ಮೊದಲು ನಾಲಿಗೆಗೆ ಮುಟ್ಟಿಸೋದು ಅವರು ತಂದ ಜೇನನ್ನ.

ಮಂತ್ರಿ ಅಂದ, "ದೊಡ್ಡವರ ತಂಟೆ ಬಿಡಿ ಸ್ವಾಮಿ. ಮಕ್ಕಳನ್ನ ಹಿಡೀರಿ. ಇವತ್ತಿನ ಮಕ್ಕಳೇ ನಾಳೆ ನಿಮ್ಮ ಸೈನ್ಯ."

ರಾಜ ಗೊಂಬೆಯಾಟದ ದುಗ್ಗಪ್ಪನನ್ನ ಕರೆಸಿದ. ದುಗ್ಗಪ್ಪ ಸೂತ್ರದ ಗೊಂಬೆ ಕುಣಿಸಿದರೆ ಮಕ್ಕಳು ಉಣ್ಣೋದನ್ನೂ ಮರೀತಿದ್ದರು.

"ನಿನ್ನ ಆಟದಲ್ಲಿ ಮಕ್ಕಳನ್ನ ಕದಿಯೋ ಕಳ್ಳ ಇದಾನಲ್ಲ, ಅವನ ಬೆನ್ನಿಗೊಂದು ಜೇನುಬುಟ್ಟಿ ಕಟ್ಟು. ಅಷ್ಟೇ. ಬಾಯಲ್ಲಿ ಏನೂ ಹೇಳೋದು ಬೇಡ."

ಬುಟ್ಟಿ ತಾನೇ, ಅಂದುಕೊಂಡ ದುಗ್ಗಪ್ಪ. ಜೋಡಿ ಎತ್ತು ಇನಾಮು ಸಿಕ್ಕಿತು, ಹೊಡಕೊಂಡು ಮನೆಗೆ ಹೋದ. ಅಯ್ಯೋ ಮಂಕು ಮುಂಡೇದೇ!

ಮೊದಲ ಆಟದಲ್ಲಿ ಬುಟ್ಟಿ ಕಳ್ಳನನ್ನ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡನೇ ಆಟ ಆದಮೇಲೆ ಬೀದಿಬೀದೀಲಿ ಬುಟ್ಟಿ ಕಳ್ಳನ ಆಟ ಶುರುವಾಯ್ತು, ಕಳ್ಳ ಆಗೋಕೆ ಮಾತ್ರ ಯಾರೂ ಒಪ್ಪಲಿಲ್ಲ. ಮೂರನೇ ಆಟದ ಮಾರನೇ ದಿನ, ಜೇನು ಮಾರೋಕೆ ಬಂದ ಕೇತನ ಹಣೆಗೆ ಕಲ್ಲು ಬಿತ್ತು. ಎಸೆದದ್ದು ಯಾರು? ಅವನದೇ ಜೇನು ನೆಕ್ಕಿ ಬೆಳೆದ ಆರು ವರ್ಷದ ಮಗು. ದುಗ್ಗಪ್ಪ ಅದನ್ನ ನೋಡಿದ. ನೋಡಿಯೂ ಬುಟ್ಟಿ ಬಿಚ್ಚಲಿಲ್ಲ.

ಈ ದುಗ್ಗಪ್ಪನಿಗೆ ತಾಯಿ ಇಲ್ಲದ ಮಗಳೊಬ್ಬಳು, ಚೆಲುವಿ. ಅಪ್ಪನ ಆಟಕ್ಕೆಲ್ಲ ಮುಂದಿನ ಸಾಲಲ್ಲೇ ಕೂರೋಳು. ಒಂದು ದಿನ ಕರು ಹುಡುಕ್ಕೊಂಡು ಬೆಟ್ಟ ಹತ್ತಿದಳು, ದಾರಿ ತಪ್ಪಿತು. ಊರೆಲ್ಲ ಹುಡುಕಿತು. ಸಂಜೆ ಹೊತ್ತಿಗೆ ಕೇತ ಅವಳನ್ನ ಎದೆಗವಚಿಕೊಂಡು ಇಳಿದು ಬಂದ. ಮಗುವಿನ ಕೈ ಜೋಲಾಡ್ತಿತ್ತು.

"ಕೂಗಿದೆ ಅಣ್ಣಾ," ಅಂದ ಕೇತ, ಬಿಕ್ಕಿಬಿಕ್ಕಿ ಅಳ್ತಾ. "ನಿಮ್ಮಪ್ಪನ ಹತ್ರ ಕರಕೊಂಡು ಹೋಗ್ತೀನಿ, ಬಾರವ್ವ ಅಂದೆ. ಮೂರು ಸಲ ಕೂಗಿದೆ. ಬುಟ್ಟಿ ಕಳ್ಳ ಬಂದ ಅಪ್ಪಾ ಅಂತ ಚೀರಿ ಓಡಿದಳು. ಮುಂದೆ ಕಮರಿ ಇತ್ತು ಅಣ್ಣಾ."

ದುಗ್ಗಪ್ಪ ಎದೆ ಎದೆ ಬಡಕೊಂಡ. "ನಾನೇ ಕೊಂದೆ, ನಾನೇ ಕೊಂದೆ" ಅಂತ ನೆಲದ ಮೇಲೆ ಹೊರಳಾಡಿದ. ಮಾಡಿದ್ದುಣ್ಣೋ ಮಹಾರಾಯ ಅಂತೀರಾ? ಅನ್ನಬೇಡಿ. ಮಾಡಿದವನು ಅವನು, ಉಂಡದ್ದು ಆ ಕೂಸು.

ತಿಂಗಳಾದ ಮೇಲೆ ಅರಮನೆ ಮುಂದೆ ಆಟ ಕಟ್ಟು ಅಂತ ರಾಜನ ಅಪ್ಪಣೆ ಬಂತು. ಆ ನಾಡಲ್ಲಿ ಒಂದು ಕಟ್ಟುಪಾಡು. ಗಣಪತಿ ಪೂಜೆ ಮಾಡಿ ಶುರು ಮಾಡಿದ ಆಟವನ್ನ ಮಂಗಳ ಹಾಡೋ ತನಕ ಯಾರೂ ನಿಲ್ಲಿಸಬಾರದು, ಆಡಿಸೋನನ್ನ ಮುಟ್ಟಬಾರದು. ಮುಟ್ಟಿದರೆ ಸಿಂಹಾಸನ ಉಳಿಯಲ್ಲ ಅಂತ ನಂಬಿಕೆ. ರಾಜನಿಗೂ ಆ ಭಯ ಇತ್ತು.

ದುಗ್ಗಪ್ಪ ಪೂಜೆ ಮಾಡಿದ, ಗೊಂಬೆ ಬಿಟ್ಟ. ಕಳ್ಳ ಬಂದದ್ದೇ ತಡ, ಮಕ್ಕಳು "ಹೊಡಿ! ಹೊಡಿ!" ಅಂತ ಕೂಗಿದವು. ದುಗ್ಗಪ್ಪ ಪರದೆ ಕಿತ್ತೆಸೆದು ಗೊಂಬೆ ಹಿಡಕೊಂಡು ಮುಂದೆ ಬಂದ.

"ನೋಡ್ರಪ್ಪ ಮಕ್ಕಳೇ. ಈ ಬುಟ್ಟಿ ಕಟ್ಟಿಸಿದವರು ರಾಜರು, ಕಟ್ಟಿದವನು ನಾನು. ಅವರಿಗೆ ಬೇಕಾಗಿದ್ದದ್ದು ಬೆಟ್ಟದ ಗಂಧ. ನನಗೆ ಹೋದದ್ದು ನನ್ನ ಚೆಲುವಿ."

"ಹಿಡೀರೋ ಅವನನ್ನ!" ಅಂತ ರಾಜ ಎದ್ದು ನಿಂತ.

"ಮಂಗಳ ಹಾಡಿಲ್ಲ ಸ್ವಾಮಿ. ಆಟ ಇನ್ನೂ ಮುಗಿದಿಲ್ಲ," ಅಂದ ದುಗ್ಗಪ್ಪ.

ಭಟರ ಕೈ ಅಲ್ಲೇ ನಿಂತಿತು. ರಾಜ ಪೆಚ್ಚಾಗಿ ಕೂತ. ದುಗ್ಗಪ್ಪ ಗೊಂಬೆ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದ, ಹೋದಲ್ಲೆಲ್ಲ ಅದೇ ಆಟ ಆಡಿದ. ಸಾಯೋ ತನಕ ಮಂಗಳ ಹಾಡಲಿಲ್ಲ. ಕೊಡಲಿ ಹಿಡಿದು ಬೆಟ್ಟಕ್ಕೆ ಹೊರಟ ಭಟರಿಗೆ ಊರವರು ದಾರಿ ಬಿಡಲಿಲ್ಲ. ರಾಜನಿಗೆ ಗಂಧದ ಒಂದು ಚಕ್ಕೆಯೂ ದಕ್ಕಲಿಲ್ಲ.

ಗೆದ್ದರು ಅಂತೀರಾ? ಕೇತ ಮತ್ತೆ ಜೇನು ತಂದಾಗ ಯಾರೂ ಕಲ್ಲು ಎತ್ತಲಿಲ್ಲ, ನಿಜ. ಆದರೆ ಒಂದು ಮಗುವೂ ಹತ್ತಿರ ಬರಲಿಲ್ಲ. ಪಾಪ, ಅವನು ದೊನ್ನೆಗಳಲ್ಲಿ ಜೇನು ಇಟ್ಟು ದೂರ ಹೋಗಿ ಬೆನ್ನು ತಿರುಗಿಸಿ ಕೂತ. ಆಮೇಲೆ ಒಂದೊಂದೇ ಮಗು ಬಂದು ದೊನ್ನೆ ಎತ್ತಿಕೊಂಡು ಓಡಿತು.

ಕತೆ ಇಷ್ಟೇ, ನೀತಿಯೂ ಇಷ್ಟೇ. ನಗಿಸೋ ನೆಪದಲ್ಲಿ ಮಕ್ಕಳಿಗೆ ಹಗೆ ಕಲಿಸಬಾರದು. ಕಲಿಸೋಕೆ ಮೂರು ಆಟ ಸಾಕು, ಮರೆಸೋಕೆ ಒಬ್ಬನ ಆಯಸ್ಸು ಸಾಲಲ್ಲ.